ಲಕ್ಷ ವ್ಯೂ ಬಂತು, ಎಣ್ಣೆ ಖರ್ಚಾಗಲಿಲ್ಲ: ಚಳ್ಳಕೆರೆಯ ಗಾಣವೊಂದರ ವಿಡಿಯೊ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಮರದ ಗಾಣದ ಒಂದು ಮನೆ. ಗಂಡ ಹೆಂಡತಿ ಸೇರಿ ನಡೆಸುತ್ತಾರೆ. ಬಿ.ಕಾಂ ಮುಗಿಸಿದ ಮಗಳು ಲೆಕ್ಕಪತ್ರ, ಫೋನು, ಇನ್‌ಸ್ಟಾಗ್ರಾಂ ನೋಡಿಕೊಳ್ಳುತ್ತಾಳೆ. ಮಾರುವುದು ಮುಖ್ಯವಾಗಿ ಶೇಂಗಾ ಎಣ್ಣೆ. ಜೊತೆಗೆ ಸ್ವಲ್ಪ ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ. ಚಿತ್ರದುರ್ಗದಲ್ಲಿ ಒಂದು ಪುಟ್ಟ ಮಳಿಗೆಯೂ ಇದೆ. ಇವರ ಒಂದು ರೀಲ್ ಒಂದೇ ವಾರದಲ್ಲಿ ಲಕ್ಷ ವ್ಯೂ ದಾಟಿತು. ಆ ತಿಂಗಳ ವ್ಯಾಪಾರ ಮಾತ್ರ ಹಿಂದಿನ ತಿಂಗಳು ಎಷ್ಟಿತ್ತೋ ಅಷ್ಟೇ.

ದಾವಣಗೆರೆಯಲ್ಲಿದ್ದುಕೊಂಡು ಸಣ್ಣ ವ್ಯಾಪಾರಿಗಳಿಗೆ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಒಂದು ಕಾರಣ ಇದೆ. "ಈಗ ಯಾರೂ ಉದ್ದ ವಿಡಿಯೊ ನೋಡಲ್ಲ, ರೀಲ್ಸ್ ಮಾಡಿ ಸಾಕು" ಅನ್ನುವ ಮಾತು ನಮ್ಮ ಕಡೆ ಎಲ್ಲ ಅಂಗಡಿಗೂ ಮುಟ್ಟಿದೆ. ಅದನ್ನು ನಂಬಿ ಜನ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದಾರೆ. ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ ಅಂತ ಕೇಳದೆ ಕೊಡುವ ಸಲಹೆ ಅದು. ಗಾಣದ ಮನೆಯವರು ಬರೆಯಿರಿ ಅಂದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಹೆಸರು ಬಿಟ್ಟಿದ್ದೇನೆ.

ಗಾಣ, ಬೀಜ, ರೇಟು

ಚಳ್ಳಕೆರೆಗೆ ಎಣ್ಣೆ ಹೊಸದಲ್ಲ. ಊರಿಗೆ ತೈಲ ನಗರ ಅಂತಲೇ ಹೆಸರು. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ಶೇಂಗಾ ಬಿತ್ತುತ್ತಾರೆ, ದೀಪಾವಳಿಯ ಆಸುಪಾಸಿನಲ್ಲಿ ಕೀಳುತ್ತಾರೆ. ಆ ಬೆಳೆ ನಂಬಿ ಸಾಲು ಸಾಲು ಎಣ್ಣೆ ಮಿಲ್ಲುಗಳು ಎದ್ದಿದ್ದವು. 1994ರಲ್ಲಿ ಪಾಮೋಲಿನ್ ಅನ್ನುವ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆ ಹರಿದು ಬಂತು, ಶೇಂಗಾ ಮಿಲ್ಲುಗಳಿಗೆ ದೊಡ್ಡ ಏಟು ಬಿತ್ತು. ಮರದ ಗಾಣಗಳು ಮತ್ತೆ ತಲೆ ಎತ್ತಿದ್ದು ಇತ್ತೀಚೆಗೆ.

ಈಗ ರೇಟಿನ ಲೆಕ್ಕ ಹೇಳಲೇಬೇಕು. ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆ ಬರಬೇಕಾದರೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಬೀಜಕ್ಕೆ ಕೆಜಿಗೆ 120 ರೂಪಾಯಿ ಅಂತ ಹಿಡಿಯಿರಿ. ಬೀಜಕ್ಕೇ 300 ರೂಪಾಯಿ ಆಯಿತು. ಹಿಂಡಿ ಮಾರಿದರೆ ಅದರಲ್ಲಿ 50–60 ರೂಪಾಯಿ ವಾಪಸ್ ಬರಬಹುದು. ಆಮೇಲೆ ಕೂಲಿ, ಕರೆಂಟು, ಬಾಟಲಿ, ಸಾಗಾಟ. ಇವರು ಲೀಟರಿಗೆ 320 ಹೇಳುತ್ತಿದ್ದರು. ಅದರಲ್ಲಿ ಲಾಭ ತೀರಾ ತೆಳು. ಆದರೆ ಕಿರಾಣಿ ಅಂಗಡಿಯಲ್ಲಿ ಪಾಕೆಟ್ ಎಣ್ಣೆ ಅದರ ಅರ್ಧಕ್ಕೆ ಸಿಗುತ್ತದೆ. ಕೊಳ್ಳುವವರಿಗೆ ಕಾಣುವುದು ಆ ಅರ್ಧ ಮಾತ್ರ.

"ಅಣ್ಣ, ಲೀಟರ್ ಎಷ್ಟು?"

"320 ಕಣಮ್ಮ."

"ಅಯ್ಯೋ, ಅಷ್ಟೊಂದಾ?"

ಮಳಿಗೆಯಲ್ಲಿ ದಿನವೂ ನಡೆಯುವ ಮಾತು ಇದು. ಎದುರಿಗೆ ನಿಂತವರಿಗೆ ಅಣ್ಣ, ಅಂದರೆ ಗಾಣದ ಯಜಮಾನರು, ಐದು ನಿಮಿಷ ಕೂತು ಲೆಕ್ಕ ಹೇಳುತ್ತಾರೆ. ಕೇಳಿದವರು ಸಾಮಾನ್ಯವಾಗಿ ಅರ್ಧ ಲೀಟರಾದರೂ ಒಯ್ಯುತ್ತಾರೆ. ಇವರ ವ್ಯಾಪಾರ ಅಲ್ಲಿಯವರೆಗೂ ನಡೆದಿದ್ದು ಆ ಐದು ನಿಮಿಷದ ಬಲದ ಮೇಲೆ.

ರೀಲ್ ಯಾರ ಹತ್ತಿರ ಹೋಯಿತು

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಹತ್ತು ದಿನ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಪ್ರಯೋಗಕ್ಕೆ ಇಳಿಸಿದ್ದೂ ನಮ್ಮ ದೇಶದಲ್ಲೇ. ಚಿಕ್ಕ ವಿಡಿಯೊ ನಮ್ಮ ಜನರ ಕೈಗೆ ಎಷ್ಟು ಬೇಗ ಒಗ್ಗಿತು ಅಂತ ಎಲ್ಲರಿಗೂ ಗೊತ್ತು. ಅದರ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ರೂಪಾಯಿ ಜಾಹೀರಾತು ಕೊಡದೆ ಅಪರಿಚಿತರ ಕಣ್ಣಿಗೆ ಬೀಳುವ ದಾರಿ ಸಣ್ಣ ವ್ಯಾಪಾರಿಗೆ ಹಿಂದೆ ಯಾವತ್ತೂ ಇರಲಿಲ್ಲ.

ಲಕ್ಷ ದಾಟಿದ ರೀಲ್‌ನಲ್ಲಿ ಇದ್ದದ್ದು ಇಷ್ಟೇ. ಗಾಣದಿಂದ ಜೇನಿನ ಬಣ್ಣದ ಎಣ್ಣೆ ನಿಧಾನಕ್ಕೆ ಸ್ಟೀಲ್ ಪಾತ್ರೆಗೆ ಬೀಳುತ್ತದೆ. ಹಿಂದೆ ಒಂದು ಸಿನಿಮಾ ಹಾಡು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಪದ. ಕಾಲು ನಿಮಿಷವೂ ಇಲ್ಲ. ನೋಡಲು ಚೆನ್ನಾಗಿಯೇ ಇತ್ತು. ಮಗಳು ಮೊಬೈಲಿನಲ್ಲೇ ತೆಗೆದದ್ದು, ಬೆಳಕು ಅಚ್ಚುಕಟ್ಟಾಗಿ ಬಿದ್ದಿತ್ತು.

ನಾನು ಮೊದಲು ಕೇಳಿದ್ದು ಇನ್‌ಸೈಟ್ಸ್ ಪುಟ. ಅದರಲ್ಲಿ ನೋಡಿದವರ ಊರುಗಳ ಪಟ್ಟಿ ಬರುತ್ತದೆ. ದೆಹಲಿ, ಲಖನೌ, ಪಟ್ನಾ, ಇಂದೋರ್ ಮೇಲಿದ್ದವು. ಚಿತ್ರದುರ್ಗ, ದಾವಣಗೆರೆ ಪಟ್ಟಿಯಲ್ಲೇ ಇರಲಿಲ್ಲ. ಯಾಕೆ ಅಂದರೆ ಆ ವಿಡಿಯೊದಲ್ಲಿ ಮಾತೇ ಇಲ್ಲ. ಎಣ್ಣೆ ಸುರಿಯುವುದನ್ನು ನೋಡಲು ಯಾವ ಭಾಷೆಯೂ ಬೇಡ. ಹಾಗಾಗಿ ಆಪ್ ಅದನ್ನು ದೇಶದ ತುಂಬ ಹರಡಿತು. ಲಖನೌದ ಒಬ್ಬರು ಒಂದು ಲೀಟರ್ ಕೇಳಿದರೆ ಕಳಿಸುವುದು ಹೇಗೆ? ಕೊರಿಯರ್ ದುಡ್ಡೇ ಎಣ್ಣೆಯ ಬೆಲೆಯ ಹತ್ತಿರ ಹೋಗುತ್ತದೆ, ದಾರಿಯಲ್ಲಿ ಸೋರಿದರೆ ಅದೂ ಹೋಯಿತು. ಕೊಳ್ಳಲು ಆಗುವವರು ನೋಡಲಿಲ್ಲ. ನೋಡಿದವರು ಕೊಳ್ಳುವ ಹಾಗಿರಲಿಲ್ಲ.

ವ್ಯೂ ಅನ್ನುವ ಲೆಕ್ಕವನ್ನೂ ಬಿಡಿಸಿ ನೋಡಬೇಕು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ ಬೀಳುತ್ತದೆ. ಎಷ್ಟು ಹೊತ್ತು ನೋಡಿದರು ಅನ್ನುವುದು ಲೆಕ್ಕಕ್ಕಿಲ್ಲ. ಮತ್ತೆ ಸುತ್ತಿ ಬಂದರೆ ಇನ್ನೊಂದು ವ್ಯೂ. ಹಳೆಯ ರೀತಿಯ ಲೆಕ್ಕ ಬೇಕಾದವರು ಯೂಟ್ಯೂಬ್ ಸ್ಟುಡಿಯೊದಲ್ಲಿ, ಅಂದರೆ ಚಾನೆಲ್ ನಡೆಸುವವರು ಲೆಕ್ಕ ನೋಡುವ ಪುಟದಲ್ಲಿ, ಎಂಗೇಜ್ಡ್ ವ್ಯೂಸ್ ಅಂತ ಬೇರೆ ಇರುವುದನ್ನು ನೋಡಬೇಕು. ರೀಲ್ಸ್‌ನಲ್ಲೂ ಮತ್ತೆ ಮತ್ತೆ ಓಡಿದ್ದು ಸೇರಿಯೇ ಲೆಕ್ಕ. ಇದು ಮೋಸ ಅಲ್ಲ, ಅವರ ಅಳತೆ ಹಾಗಿದೆ ಅಷ್ಟೇ. ಆದರೆ ವ್ಯಾಪಾರಿಗೆ ವರದಿ ಕೊಡುವವರು ಇದನ್ನು ಬಿಡಿಸಿ ಹೇಳಬೇಕು. ಈ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಅವರು ಆಗಲೇ ಒಂದು ಏಜೆನ್ಸಿಗೆ ಕೆಲಸ ಒಪ್ಪಿಸಿದ್ದರು. ತಿಂಗಳಿಗೆ ಮೂವತ್ತು ರೀಲ್ಸ್, ಒಂದು ಬ್ರಾಂಡ್ ಫಿಲ್ಮ್ ಅಂತ ಪ್ಯಾಕೇಜು. ಆ ಫಿಲ್ಮ್ ಉದ್ದ ವಿಡಿಯೊನೇ, ಏಳು ನಿಮಿಷದ್ದು. ಹಾಗಾಗಿ ಚಿಕ್ಕದು ಸೋತು ಉದ್ದದ್ದು ಗೆದ್ದ ಕಥೆ ಅಂತ ಇದನ್ನು ಓದಬೇಡಿ. ಆ ಫಿಲ್ಮ್ ರೀಲ್‌ಗಿಂತ ಕೆಟ್ಟದಾಗಿ ಬಿದ್ದಿತ್ತು. ಕೋಟೆಯ ಮೇಲೆ ಡ್ರೋನ್, ಗಾಳಿಯಂತ್ರಗಳ ಸಾಲು, ಕೊಳಲಿನ ಸಂಗೀತ, ಆಮೇಲೆ ತಿರುಗುತ್ತಾ ಬರುವ ಲೋಗೊ. ಗಾಣ ಕಾಣುವ ಹೊತ್ತಿಗೆ ಒಂದು ನಿಮಿಷ ಕಳೆದಿತ್ತು. ಯಾವ ನಿಮಿಷಕ್ಕೆ ಎಷ್ಟು ಜನ ಉಳಿದರು ಅಂತ ಸ್ಟುಡಿಯೊದ ಗ್ರಾಫಿನಲ್ಲಿ ಕಾಣುತ್ತದೆ. ಅದರ ಗೆರೆ ಲೋಗೊ ಬರುವಷ್ಟರಲ್ಲೇ ನೆಲ ಹಿಡಿದಿತ್ತು. ಎಣ್ಣೆ ಕೊಳ್ಳಲು ಬಂದವರಿಗೆ ಕೋಟೆ ಯಾಕೆ ತೋರಿಸಬೇಕು?

ಮಗಳ ನೋಟ್‌ಬುಕ್

ಇಲ್ಲಿಂದ ಮುಂದೆ ಕೆಲಸ ಸರಿದಾರಿಗೆ ಬಂದಿದ್ದು ಮಗಳಿಂದ. ಫೋನು ಮಾಡಿದವರು, ವಾಟ್ಸ್‌ಆ್ಯಪ್‌ನಲ್ಲಿ ಬರೆದವರು, ಮಳಿಗೆಗೆ ಬಂದವರು ಕೇಳಿದ ಪ್ರಶ್ನೆಗಳನ್ನು ಅವರು ಹೇಳಿದ ಹಾಗೇ ಬರೆದಿಡು ಅಂದೆ. ಅವಳು ಆರ್ಡರ್ ಬರೆಯುವ ಪುಸ್ತಕದ ಹಿಂಬದಿಯಿಂದ ಶುರು ಮಾಡಿದಳು. ಒಂದೊಂದು ಪ್ರಶ್ನೆಗೂ ಮುಂದೆ ಗೀಟು. ಮತ್ತೆ ಯಾರಾದರೂ ಅದನ್ನೇ ಕೇಳಿದರೆ ಇನ್ನೊಂದು ಗೀಟು.

ಯಾಕೆ ಇಷ್ಟು ರೇಟು ಅನ್ನುವುದರ ಮುಂದೆ ಗೀಟುಗಳು ಸಾಲು ದಾಟಿ ಕೆಳಗಿಳಿದವು. ಆಮೇಲೆ ಬಂದದ್ದು: ಒಗ್ಗರಣೆಗೆ ಹಾಕಿದರೆ ನೊರೆ ಬರುತ್ತೆ, ಕಲಬೆರಕೆನಾ? ತಳದಲ್ಲಿ ಗಸಿ ನಿಂತಿದೆ, ಕೆಟ್ಟಿದೆಯಾ? ಎಷ್ಟು ತಿಂಗಳು ಇಡಬಹುದು? ಪೂರಿ, ಬಜ್ಜಿ ಕರಿಯಬಹುದಾ? ಪಾಮೋಲಿನ್ ಬೆರೆಸಿಲ್ಲ ಅಂತ ಹೇಗೆ ನಂಬೋದು? ಒಬ್ಬ ಹೆಣ್ಣುಮಗಳು ಕೇಳಿದ್ದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ: ಬೂಷ್ಟು ಹಿಡಿದ ಬೀಜ ಹಾಕಲ್ಲ ಅಂತ ಏನು ಗ್ಯಾರಂಟಿ?

ಆ ಕೊನೆಯ ಪ್ರಶ್ನೆಯ ಹಿಂದೆ ನಿಜವಾದ ವಿಷಯ ಇದೆ. ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರುವ ಅಪಾಯ ಇರುತ್ತದೆ. ರಿಫೈನ್ ಮಾಡುವಾಗ ಅದು ಬಹುಪಾಲು ಹೊರಗೆ ಹೋಗುತ್ತದೆ. ಗಾಣದ ಎಣ್ಣೆಗೆ ಆ ಶೋಧನೆ ಇಲ್ಲ. ಅಂದರೆ ಗಾಣದವರು ಬೀಜ ಹಸನು ಮಾಡುವುದರಲ್ಲೇ ಎಚ್ಚರ ವಹಿಸಬೇಕು. ಈ ಮನೆಯಲ್ಲಿ ಆ ಎಚ್ಚರ ಇತ್ತು. ಕಪ್ಪಾದ, ಮುದುಡಿದ, ಬೂಷ್ಟು ಹತ್ತಿದ ಬೀಜಗಳನ್ನು ಕೈಯಿಂದ ಆರಿಸಿ ತೆಗೆಯಲು ಹೆಂಗಸರು ಕೂರುತ್ತಿದ್ದರು. ಆದರೆ ಮೂವತ್ತು ರೀಲ್‌ಗಳಲ್ಲಿ ಒಂದರಲ್ಲೂ ಅದು ಕಾಣುವುದಿಲ್ಲ. ಚಂದ ಕಾಣುವುದಿಲ್ಲ ಅಂತ ಬಿಟ್ಟಿದ್ದರು.

ನೋಟ್‌ಬುಕ್ ಮುಂದಿಟ್ಟುಕೊಂಡು ಪ್ರಶ್ನೆಗಳನ್ನು ಬೇರೆ ಮಾಡಿದೆವು. ಕೆಲವಕ್ಕೆ ಅರ್ಧ ನಿಮಿಷ ಸಾಕು. ನೊರೆ ಯಾಕೆ ಅಂದರೆ ರಿಫೈನ್ ಆಗದ ಎಣ್ಣೆಯಲ್ಲಿ ಅಂಟಿನ ಅಂಶ, ಸ್ವಲ್ಪ ತೇವ ಉಳಿದಿರುತ್ತದೆ, ಉರಿ ಸಣ್ಣ ಮಾಡಿದರೆ ಇಳಿಯುತ್ತದೆ. ಅಷ್ಟೇ. ಗಸಿಯದ್ದೂ ಅಂಥದ್ದೇ. ಆದರೆ ರೇಟು, ಕಲಬೆರಕೆ, ಬೀಜದ ಗುಣ, ಈ ಮೂರೂ ನಂಬಿಕೆಯ ಪ್ರಶ್ನೆಗಳು. "ನಂಬಿ" ಅಂತ ಹದಿನೈದು ಸೆಕೆಂಡಿನಲ್ಲಿ ಹೇಳಬಹುದು. ಹೇಳಿದ ಮಾತ್ರಕ್ಕೆ ಯಾರೂ ನಂಬುವುದಿಲ್ಲ. ಕಣ್ಣಾರೆ ನೋಡಬೇಕು. ನೋಡಲು ಹೊತ್ತು ಬೇಕು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ಇದೇ. ವಿಡಿಯೊ ಎಷ್ಟು ಉದ್ದ ಇರಬೇಕು ಅಂತ ತೀರ್ಮಾನ ಮಾಡಬೇಕಾದ್ದು ಗಿರಾಕಿಯ ಪ್ರಶ್ನೆ. ಆಪ್‌ನ ಟ್ರೆಂಡ್ ನೋಡಿ ಉದ್ದ ಕತ್ತರಿಸಿದರೆ ಉತ್ತರವೂ ಕತ್ತರಿಸಿ ಹೋಗುತ್ತದೆ.

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನವರು ಬಂದು ಕೇಳಿದರೆ ನಾನು ಉದ್ದ ವಿಡಿಯೊ ಮಾಡಿಸಿ ಅನ್ನುವುದಿಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗುವುದು ಇಪ್ಪತ್ತು ಸೆಕೆಂಡು ಕಂಡರೆ ಸಾಕು, ಸಂಜೆ ಜನ ಬರುತ್ತಾರೆ. ಮಿರ್ಚಿ ಮಂಡಕ್ಕಿ ಗಾಡಿಗೂ ಅಷ್ಟೇ. ಖರ್ಚು ಸಣ್ಣದು, ಊರು ಹತ್ತಿರ, ರುಚಿ ಗೊತ್ತಿರುವುದೇ, ಕೇಳುವ ಪ್ರಶ್ನೆ ಏನೂ ಉಳಿದಿಲ್ಲ. ಅದೇ ನಮ್ಮ ಮೆಕ್ಕೆಜೋಳದ ರೈತರನ್ನು ನೋಡಿ. ಜೋಳ ತಿನ್ನುವ ಫಾಲ್ ಆರ್ಮಿವರ್ಮ್ ಅನ್ನುವ ಲದ್ದಿ ಹುಳು ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಸುಳಿಯೊಳಗೆ ಹುಳು ಕಂಡ ರೈತ ಇಪ್ಪತ್ತು ನಿಮಿಷದ ವಿಡಿಯೊ ಪೂರ್ತಿ ನೋಡುತ್ತಾನೆ, ಔಷಧಿ ಪ್ರಮಾಣ ಹೇಳುವ ಕಡೆ ಹಿಂದಕ್ಕೆ ಎಳೆದು ಮತ್ತೆ ನೋಡುತ್ತಾನೆ. ಉದ್ದ ವಿಡಿಯೊ ಯಾರೂ ನೋಡಲ್ಲ ಅನ್ನುವವರು ಒಮ್ಮೆ ಹೊಲದ ಬದುವಿನಲ್ಲಿ ಕೂತವರ ಫೋನು ನೋಡಬೇಕು.

ತಕ್ಕಡಿ ಮುಂದಿಟ್ಟು

ಉದ್ದ ವಿಡಿಯೊಗೆ ನಾವು ಆರಿಸಿಕೊಂಡದ್ದು ಒಂದೇ ಪ್ರಶ್ನೆ, ರೇಟಿನದ್ದು. ಅದಕ್ಕೆ ಉತ್ತರ ಹೇಳುತ್ತಾ ಹೋದರೆ ಬೀಜ, ಕಲಬೆರಕೆ ಎರಡೂ ದಾರಿಯಲ್ಲೇ ಬರುತ್ತವೆ ಅನ್ನಿಸಿತು.

ಅಣ್ಣನಿಗೆ ಕ್ಯಾಮೆರಾ ಅಂದರೆ ಮೈ ಬಿಗಿ. ಬರೆದುಕೊಟ್ಟದ್ದನ್ನು ಓದಿದರೆ ವಾರ್ತೆ ಓದಿದ ಹಾಗಿತ್ತು. ಕಾಗದ ತೆಗೆದಿಟ್ಟೆವು. ಅವರ ಹೆಂಡತಿ, ಅಕ್ಕನನ್ನೇ ಗಿರಾಕಿ ಮಾಡಿ ನಿಲ್ಲಿಸಿದೆವು. "ಏನ್ರೀ, ಅಂಗಡೀಲಿ ಪಾಕೆಟ್ ಎಣ್ಣೆ ಅರ್ಧಕ್ಕೆ ಕೊಡ್ತಾರೆ, ನೀವು ಯಾಕೆ ಇಷ್ಟು ಹೇಳ್ತೀರಿ?" ಅಂತ ಅವರು ಮಳಿಗೆಯಲ್ಲಿ ದಿನಾ ಕೇಳಿಸಿಕೊಳ್ಳುವ ಧಾಟಿಯಲ್ಲೇ ಕೇಳಿದರು. ಅಣ್ಣ ತಕ್ಷಣ "ಬಾ, ತೂಕ ಹಾಕಿ ತೋರಿಸ್ತೀನಿ" ಅಂದರು. ವಿಡಿಯೊ ಶುರುವಾಗುವುದು ಆ ಮಾತಿನಿಂದಲೇ. ಲೋಗೊ ಇಲ್ಲ, ಡ್ರೋನ್ ಇಲ್ಲ.

ತಕ್ಕಡಿ ಅಂದರೆ ಮಳಿಗೆಯ ಎಲೆಕ್ಟ್ರಾನಿಕ್ ತಕ್ಕಡಿ. ಹಸನು ಮಾಡಿದ ಬೀಜ 15 ಕೆಜಿ ತೂಗಿದರು. ಅಂಕಿ ಕ್ಯಾಮೆರಾಗೆ ಕಾಣಬೇಕು, ಅದೇ ಚೌಕಟ್ಟಿನಲ್ಲಿ ಬೀಜ ಸುರಿಯುವ ಕೈಯೂ ಕಾಣಬೇಕು ಅಂತ ಹಟ ಹಿಡಿದೆ. ಗಾಣದ ಒರಳು ಬಾಗೆ ಮರದ್ದು. ಒಳಗೆ ಮರದ ಕಂಬ ನಿಧಾನಕ್ಕೆ ಸುತ್ತುತ್ತದೆ. ಮೊದಲ ಹತ್ತು ನಿಮಿಷ ಎಣ್ಣೆಯ ಸುಳಿವೇ ಇಲ್ಲ, ಬೀಜ ಪುಡಿಯಾಗಿ ಉಂಡೆ ಕಟ್ಟುತ್ತದೆ. ಆಮೇಲೆ ಅಂಚಿನಲ್ಲಿ ಮಿಂಚು ಕಾಣುತ್ತದೆ. ಒಂದು ಸುತ್ತು ಆಡಿ ಮುಗಿಯಲು ಮುಕ್ಕಾಲು ಗಂಟೆ ಹತ್ತಿರ ಹಿಡಿಯಿತು. ಬಂದ ಎಣ್ಣೆಯನ್ನು ಅದೇ ತಕ್ಕಡಿಗೆ ಇಟ್ಟಾಗ 6 ಕೆಜಿಗೆ ಸ್ವಲ್ಪ ಕಡಿಮೆ. ಹಿಂಡಿ 9 ಕೆಜಿ ಹತ್ತಿರ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ ಅನ್ನುವುದನ್ನೂ ಬಾಟಲಿ ತುಂಬಿ ತೋರಿಸಿದೆವು. ತೂಕದಲ್ಲಿ ಕೊಟ್ಟರೆ ಒಂದು ಲೆಕ್ಕ, ಲೀಟರಲ್ಲಿ ಕೊಟ್ಟರೆ ಇನ್ನೊಂದು ಲೆಕ್ಕ ಅಂತ ಎಷ್ಟೋ ಗಿರಾಕಿಗಳಿಗೆ ಅನುಮಾನ ಇರುತ್ತದೆ. ಕೊನೆಗೆ ಅಣ್ಣ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬೀಜದ ದುಡ್ಡು, ಹಿಂಡಿಯಿಂದ ಬಂದದ್ದು, ಕೂಲಿ, ಬಾಟಲಿ, ತಮ್ಮ ಲಾಭ, ಎಲ್ಲ ಬರೆದು ಕೂಡಿದರು. ಲಾಭ ಬರೆಯಲು ಮೊದಲು ಹಿಂದೆ ಮುಂದೆ ನೋಡಿದರು. ಬರೆದದ್ದು ಅವರ ಧೈರ್ಯ. ಆ ವಿಡಿಯೊದ ಕೆಳಗೆ ಜನ ಹೆಚ್ಚು ಮಾತಾಡಿದ್ದು ಆ ಸಾಲಿನ ಬಗ್ಗೆಯೇ.

ಮುಕ್ಕಾಲು ಗಂಟೆಯ ಆಟವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿದೆವು. ಗಾಣ ಸುತ್ತುವುದನ್ನು ವೇಗ ಮಾಡಿದೆವು, ತೂಗುವ ಮೂರು ಜಾಗ ಮಾತ್ರ ಕತ್ತರಿಯಿಲ್ಲದೆ ಬಿಟ್ಟೆವು. ಕತ್ತರಿ ಬಿದ್ದ ಕಡೆ ಅನುಮಾನ ಹುಟ್ಟುತ್ತದೆ. ಬೀಜ ಆರಿಸುವ ಹೆಂಗಸರ ಕೈ, ಅವರು ತೆಗೆದಿಟ್ಟ ಕಪ್ಪು ಬೀಜದ ಗುಡ್ಡೆ, ಅದು ಗಾಣಕ್ಕೆ ಹೋಗುವುದಿಲ್ಲ ಅನ್ನುವುದು, ಇದಕ್ಕೆ ಪೂರ್ತಿ ಒಂದೂವರೆ ನಿಮಿಷ ಕೊಟ್ಟೆವು. ಕಾಲದ ಗುರುತು ಹಾಕಿ ಅಧ್ಯಾಯ ಮಾಡಿದೆವು, ಬೇಕಾದವರು ನೇರ ಲೆಕ್ಕದ ಕಡೆ ಹೋಗಲಿ ಅಂತ. ಯೂಟ್ಯೂಬಿನಲ್ಲಿ ಅಧ್ಯಾಯ ಕಾಣಬೇಕಾದರೆ ಮೊದಲ ಗುರುತು 0:00 ಇರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಶೀರ್ಷಿಕೆಯಲ್ಲಿ ಶೇಂಗಾ ಎಣ್ಣೆ, ಕಡಲೆಕಾಯಿ ಎಣ್ಣೆ ಎರಡೂ ಹಾಕಿದೆವು. ಬೆಂಗಳೂರು, ಮೈಸೂರಿನವರು ಹುಡುಕುವುದು ಎರಡನೆಯದನ್ನು.

ಶಬ್ದದ ಬಗ್ಗೆ ಒಂದು ಮಾತು. ಗಾಣದ ಕಿರಗುಟ್ಟುವಿಕೆ ಮಾತನ್ನು ನುಂಗುತ್ತದೆ. ಅಂಗಿಗೆ ಸಿಕ್ಕಿಸುವ ಮೈಕು ಹಾಕಿಯೂ ಸಾಲಲಿಲ್ಲ, ಮಾತಾಡುವಾಗ ಮೋಟಾರ್ ನಿಲ್ಲಿಸಿದೆವು. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಹನ್ನೆರಡು ನಿಮಿಷ ಕೂರುವುದಿಲ್ಲ.

ಕೆಲವು ಮಾತುಗಳನ್ನು ಬೇಡ ಅಂತ ಬಿಟ್ಟೆವು. ಏಜೆನ್ಸಿಯ ಹಳೆಯ ರೀಲ್‌ಗಳಲ್ಲಿ ಹೃದಯಕ್ಕೆ ಔಷಧಿ, ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಅಂತೆಲ್ಲ ಇತ್ತು. ಸಸ್ಯದ ಎಣ್ಣೆ ಯಾವುದೇ ಇರಲಿ, ರಿಫೈನ್ಡ್ ಆಗಿರಲಿ ಗಾಣದ್ದಿರಲಿ, ಕೊಲೆಸ್ಟ್ರಾಲ್ ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಅದು ಗಾಣದ ಹೆಚ್ಚುಗಾರಿಕೆ ಅಲ್ಲ. ರೋಗ ವಾಸಿಯಾಗುತ್ತದೆ ಅಂತ ಆಹಾರ ಪದಾರ್ಥದ ಜಾಹೀರಾತಿನಲ್ಲಿ ಹೇಳಲು ಕಾನೂನು ಬಿಡುವುದಿಲ್ಲ. ನೊರೆ ಬಂದರೆ ಶುದ್ಧ ಅನ್ನುವ ಮಾತನ್ನೂ ತೆಗೆದೆವು. ನೊರೆ ಬಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಹಾಗಂತ ಅದೇ ಶುದ್ಧತೆಯ ಪುರಾವೆಯೂ ಅಲ್ಲ. ಪಾಕೆಟ್ ಎಣ್ಣೆಯನ್ನು ವಿಷ ಅಂತ ಬೈಯುವುದಂತೂ ಬೇಡವೇ ಬೇಡ ಅಂದರು ಅಕ್ಕ. "ನಮ್ಮ ನೆಂಟರೂ ಅದನ್ನೇ ತಿಂತಾರೆ" ಅಂದರು. ಆ ಮಾತಿನಲ್ಲಿ ದೊಡ್ಡ ಮಾರ್ಕೆಟಿಂಗ್ ಬುದ್ಧಿ ಇದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಾಳೆ ನಮ್ಮ ಗಿರಾಕಿ ಆಗಬೇಕಾದವರು ಇವತ್ತು ಪಾಕೆಟ್ ಎಣ್ಣೆ ತರುವವರೇ ಅಲ್ವಾ.

ಚಿಕ್ಕದರಿಂದ ಉದ್ದಕ್ಕೆ ದಾರಿ

ಎರಡೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಜನ ಹೇಗೆ ದಾಟಬೇಕು ಅಂತ ಹೇಳುವವರು ಕಡಿಮೆ. ದಾರಿ ಮುರಿಯುವುದು ಅಲ್ಲೇ.

ಯೂಟ್ಯೂಬ್ 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಲು ಬಾರದಂತೆ ಮಾಡಿತು. ಏಜೆನ್ಸಿಯ ಶಾರ್ಟ್ಸ್ ಎಲ್ಲದರ ಕೆಳಗೂ ಅಂಥ ಲಿಂಕುಗಳು ಸುಮ್ನೆ ಬಿದ್ದಿದ್ದವು. ಅದರ ಬದಲು ಸ್ಟುಡಿಯೊದಲ್ಲಿ ಸಂಬಂಧಿತ ವಿಡಿಯೊ ಸೇರಿಸುವ ಆಯ್ಕೆ ಇದೆ. ಶಾರ್ಟ್ ನೋಡುತ್ತಿರುವವರಿಗೆ ಅಲ್ಲೇ ಉದ್ದ ವಿಡಿಯೊದ ಹೆಸರು ಕಾಣುತ್ತದೆ, ಒತ್ತಿದರೆ ಹೋಗುತ್ತದೆ. ಎಲ್ಲ ಶಾರ್ಟ್‌ಗೂ ಅದನ್ನು ಜೋಡಿಸಿದೆವು. ಇನ್‌ಸ್ಟಾಗ್ರಾಂನಲ್ಲಿ ಕೆಳಗೆ ಬರೆದ ಲಿಂಕ್ ಒತ್ತಲು ಬರುವುದಿಲ್ಲ, ಪ್ರೊಫೈಲಿನಲ್ಲಿ ಹಾಕಬೇಕು ಅಥವಾ ಕೇಳಿದವರಿಗೆ ಮೆಸೇಜಿನಲ್ಲಿ ಕಳಿಸಬೇಕು.

ಉದ್ದ ವಿಡಿಯೊದಿಂದಲೇ ಚಿಕ್ಕವನ್ನು ಕತ್ತರಿಸಿದೆವು. ಒಂದು ಚಿಕ್ಕದರಲ್ಲಿ ಒಂದೇ ಪ್ರಶ್ನೆ, ಅದರ ಉತ್ತರವೂ ಅಲ್ಲೇ. ಉತ್ತರ ಬೇಕಾದರೆ ಪೂರ್ತಿ ವಿಡಿಯೊ ನೋಡಿ ಅಂತ ಅರ್ಧಕ್ಕೆ ನಿಲ್ಲಿಸುವುದು ನನಗೆ ಇಷ್ಟ ಇಲ್ಲ. ನೊರೆಯ ಬಗ್ಗೆ ಕೇಳಿದವರಿಗೆ ನೊರೆಯ ಉತ್ತರ ಪೂರ್ತಿ ಸಿಗಬೇಕು. ಅದು ಸರಿಯಾಗಿ ಸಿಕ್ಕರೆ ರೇಟಿನ ಉತ್ತರ ಕೇಳಲು ಅವರೇ ಬರುತ್ತಾರೆ. ಶಾರ್ಟ್ಸ್ 2024ರ ಅಕ್ಟೋಬರಿನಿಂದ ಮೂರು ನಿಮಿಷದವರೆಗೂ ಇರಬಹುದು, ರೀಲ್ಸ್‌ಗೂ 2025ರ ಜನವರಿಯಲ್ಲಿ ಅಷ್ಟೇ ಕೊಟ್ಟರು. ಜಾಗ ಇದೆ ಅಂತ ಎಳೆಯಲಿಲ್ಲ. ಹೆಚ್ಚಿನವು ಅರ್ಧ ನಿಮಿಷದ ಆಚೀಚೆ.

ಎರಡು ಬದಲಾವಣೆ ಮುಖ್ಯವಾದವು. ಸಿನಿಮಾ ಹಾಡು ತೆಗೆದೆವು. ಬಿಸಿನೆಸ್ ಖಾತೆಗೆ ಆ ಹಾಡುಗಳನ್ನು ಜಾಹೀರಾತಿನಂತೆ ಬಳಸುವ ಹಕ್ಕು ಸಿಗುವುದಿಲ್ಲ, ಯಾವಾಗ ಬೇಕಾದರೂ ಶಬ್ದ ಬಂದ್ ಆಗಬಹುದು. ಗಾಣದ ಸದ್ದೇ ಸಾಕು ಅಂದುಕೊಂಡೆವು. ಇನ್ನೊಂದು, ಮೊದಲ ಸೆಕೆಂಡಿನಿಂದಲೇ ಅಣ್ಣ ಅಕ್ಕನ ಮಾತು, ನಮ್ಮ ಕಡೆಯ ಕನ್ನಡ. ವ್ಯೂ ಕೂಡಲೇ ಬಿದ್ದುಹೋಯಿತು. ಮಗಳು ಗಾಬರಿಯಾದಳು. ಊರುಗಳ ಪಟ್ಟಿ ತೆರೆದು ತೋರಿಸಿದೆ. ಮೇಲೆ ಬೆಂಗಳೂರು, ಆಮೇಲೆ ದಾವಣಗೆರೆ, ಚಿತ್ರದುರ್ಗ, ತುಮಕೂರು, ಹುಬ್ಬಳ್ಳಿ. ಕನ್ನಡ ಬಾರದವರು ಬೆರಳು ಸರಿಸಿ ಮುಂದೆ ಹೋಗಿದ್ದರು. ನಿಂತವರು ಎಣ್ಣೆ ತಲುಪಿಸಬಹುದಾದ ಊರಿನವರು.

ಆದರೆ ಉದ್ದ ವಿಡಿಯೊ ನಿಜವಾಗಿ ದುಡಿದದ್ದು ವಾಟ್ಸ್‌ಆ್ಯಪ್‌ನಲ್ಲಿ. ಇದನ್ನು ಮೊದಲು ಯಾರೂ ಎಣಿಸಿರಲಿಲ್ಲ. ರೇಟು ಕೇಳಿ ಸುಮ್ಮನಾಗುತ್ತಿದ್ದವರಿಗೆ ಮಗಳು ರೇಟಿನ ಜೊತೆಗೆ ಲಿಂಕ್ ಕಳಿಸತೊಡಗಿದಳು. "ಅಕ್ಕ, ಲೀಟರಿಗೆ 320. ಯಾಕೆ ಅಷ್ಟು ಅಂತ ಅಪ್ಪ ತೂಕ ಹಾಕಿ ತೋರಿಸಿದಾರೆ, ಪುರುಸೊತ್ತಾದಾಗ ನೋಡಿ" ಅಂತ. ಒಂದೆರಡು ದಿನ ಬಿಟ್ಟು ಉತ್ತರ ಬರುತ್ತಿತ್ತು. ಮತ್ತೆ ರೇಟು ಕೇಳುತ್ತಿರಲಿಲ್ಲ. ಐದು ಲೀಟರ್ ಕ್ಯಾನ್ ಇದೆಯಾ, ಬಸ್ಸಿಗೆ ಹಾಕ್ತೀರಾ ಅಂತ ಕೇಳುತ್ತಿದ್ದರು. ಅಣ್ಣ ಮಳಿಗೆಯಲ್ಲಿ ಕೂತು ಹೇಳುತ್ತಿದ್ದ ಐದು ನಿಮಿಷದ ಮಾತು ಈಗ ದಾವಣಗೆರೆಯ ಮನೆಯಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ನಡೆಯುತ್ತಿತ್ತು.

ಈಗಿನ ಸ್ಥಿತಿ

ಹನ್ನೆರಡು ನಿಮಿಷದ ಆ ವಿಡಿಯೊದ ವ್ಯೂ ಲಕ್ಷದ ಹತ್ತಿರಕ್ಕೂ ಹೋಗಿಲ್ಲ. ಆದರೆ ಅದು ನಿಂತಿಲ್ಲ. ರೀಲ್‌ಗಳು ಎರಡು ಮೂರು ದಿನ ಓಡಿ ತಣ್ಣಗಾಗುತ್ತವೆ. ಇದನ್ನು ಮಾತ್ರ ಜನ ಹುಡುಕಿಕೊಂಡು ಬಂದು ನೋಡುತ್ತಿದ್ದಾರೆ. ಸ್ಟುಡಿಯೊದಲ್ಲಿ ಯೂಟ್ಯೂಬ್ ಸರ್ಚ್ ಮತ್ತು ವಾಟ್ಸ್‌ಆ್ಯಪ್ ಎರಡೇ ದೊಡ್ಡ ದಾರಿಗಳಾಗಿ ಕಾಣುತ್ತವೆ. ಟಿವಿಯಲ್ಲಿ ನೋಡಿದವರ ಪಾಲೂ ಚೆನ್ನಾಗಿದೆ. ರಾತ್ರಿ ಊಟದ ಹೊತ್ತಿಗೆ ಮನೆಮಂದಿ ಒಟ್ಟಿಗೆ ನೋಡಿದರೆ ಎಣ್ಣೆ ಬದಲಿಸುವ ತೀರ್ಮಾನ ಅಲ್ಲೇ ಆಗುತ್ತದೆ.

ವ್ಯಾಪಾರ ಏರಿದೆ. ಅದಕ್ಕಿಂತ ಮುಖ್ಯ, ಒಮ್ಮೆ ಒಯ್ದವರು ಮತ್ತೆ ಒಯ್ಯುತ್ತಿದ್ದಾರೆ. ನೊರೆ, ಗಸಿ ಅಂತ ವಾಪಸ್ ತರುವವರು ಬಹಳ ಕಡಿಮೆಯಾದರು, ಯಾಕೆ ಅಂದರೆ ಕೊಳ್ಳುವ ಮೊದಲೇ ಅವರಿಗೆ ಗೊತ್ತಿರುತ್ತದೆ. ಹಬ್ಬದ ಹೊತ್ತಿಗೆ ಎಣ್ಣೆ ಸಾಲದೆ ಚಿಕ್ಕ ವಿಡಿಯೊ ಹಾಕುವುದನ್ನೇ ನಿಲ್ಲಿಸಬೇಕಾಯಿತು. ಎರಡು ಗಾಣ ಇರುವ ಮನೆ ಇದು. ದಿನಕ್ಕೆ ಆಡುವುದು ಇಷ್ಟೇ. ಇಂಥವರಿಗೆ ಲಕ್ಷಗಟ್ಟಲೆ ಜನರ ಕಣ್ಣು ಬೇಕಾಗಿಯೇ ಇಲ್ಲ. ಕೆಲವು ನೂರು ಮನೆಗಳ ನಂಬಿಕೆ ಸಿಕ್ಕರೆ ವರ್ಷ ಪೂರ್ತಿ ಗಾಣ ಆಡುತ್ತದೆ.

ಎಲ್ಲವೂ ಫಲಿಸಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಚರಿತ್ರೆಯ ಮೇಲೆ ಇಪ್ಪತ್ತೈದು ನಿಮಿಷದ ವಿಡಿಯೊ ಮಾಡಿದೆವು. ಹಳಬರು ಪ್ರೀತಿಯಿಂದ ನೋಡಿದರು, ಕಾಮೆಂಟ್ ಬರೆದರು. ಅದರಿಂದ ಒಂದು ಆರ್ಡರ್ ಬಂದ ಗುರುತು ಸಿಗಲಿಲ್ಲ. ಆ ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ. ಊರಿನ ನೆನಪಿಗೆ ಅಂತ ಅದನ್ನು ಚಾನೆಲ್‌ನಲ್ಲಿ ಉಳಿಸಿಕೊಂಡಿದ್ದೇವೆ, ಉಳಿಯಲಿ. ಮಾರಾಟದ ಲೆಕ್ಕಕ್ಕೆ ಅದನ್ನು ಸೇರಿಸುವುದಿಲ್ಲ. ಏಜೆನ್ಸಿಯ ಪ್ಯಾಕೇಜು ಮನೆಯವರು ಬಿಟ್ಟರು. ಈಗ ಎರಡು ತಿಂಗಳಿಗೊಂದು ಉದ್ದ ವಿಡಿಯೊ, ಅದರಿಂದ ಎಷ್ಟು ಬರುತ್ತವೋ ಅಷ್ಟು ಚಿಕ್ಕವು. ಚಿಕ್ಕವನ್ನು ಮಗಳೇ ಮೊಬೈಲಿನಲ್ಲಿ ಕತ್ತರಿಸುತ್ತಾಳೆ.

ನೋಟ್‌ಬುಕ್ಕಿನಲ್ಲಿ ಈಗ ಜಾಸ್ತಿ ಗೀಟು ಬೀಳುತ್ತಿರುವ ಪ್ರಶ್ನೆ ಬೇರೆ: ನಿಮ್ಮ ಬೀಜ ಎಲ್ಲಿಂದ ತರ್ತೀರಿ? ಹೊಸ ಶೇಂಗಾ ಮಾರುಕಟ್ಟೆಗೆ ಬಂದ ಕೂಡಲೇ ಎಪಿಎಂಸಿ ಹರಾಜಿಗೆ ಅಣ್ಣನ ಜೊತೆ ಹೋಗಿ ಚಿತ್ರೀಕರಣ ಮಾಡುತ್ತೇವೆ. ಕಾಯಿ ಒಡೆದು ಬೀಜ ಹೇಗೆ ನೋಡುತ್ತಾರೆ, ತೇವ ಹೇಗೆ ಅಂದಾಜು ಮಾಡುತ್ತಾರೆ, ಯಾವ ರಾಶಿಯನ್ನು ಯಾಕೆ ಬಿಡುತ್ತಾರೆ, ಎಲ್ಲ ಬೇಕು. ಮೈಕು ಎರಡು ಒಯ್ಯಬೇಕು, ಮಾರಲು ಬಂದ ರೈತರ ಮಾತೂ ಸರಿಯಾಗಿ ಕೇಳಿಸಬೇಕು.